ಪರದೆ ಹಿಗ್ಗಿಸುವ ಸಾಧನಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ

1920 ಪಿಕ್ಸೆಲ್ ಅಗಲ ಮತ್ತು 1080 ಪಿಕ್ಸೆಲ್ ಎತ್ತರದ ಪರದೆಯನ್ನು ಎರಡು ಪಟ್ಟು ಹಿಗ್ಗಿಸಿದರೆ ಅಕ್ಷರಗಳು ಎರಡು ಪಟ್ಟು ದೊಡ್ಡದಾಗುತ್ತವೆ. ಅದರ ಜೊತೆಗೇ ಪರದೆಯ ಮುಕ್ಕಾಲು ಭಾಗ ಕಣ್ಣಿನಿಂದ ಮರೆಯಾಗುತ್ತದೆ. ನಾಲ್ಕು ಪಟ್ಟಿಗೆ ಹೋದಾಗ ಉಳಿಯುವುದು ಹದಿನಾರರಲ್ಲಿ ಒಂದು ಪಾಲು, ಅಂದರೆ ಮೂಲ ಪರದೆಯ 480 ಪಿಕ್ಸೆಲ್ ಅಗಲ, 270 ಪಿಕ್ಸೆಲ್ ಎತ್ತರದ ಒಂದು ತುಂಡು. ಎಂಟು ಪಟ್ಟಿಗೆ ಅರವತ್ತನಾಲ್ಕರಲ್ಲಿ ಒಂದು ಪಾಲು. ಹಿಗ್ಗಿಸುವ ಸಾಧನವನ್ನು ಆರಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ಅದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂದು. ಆ ಪ್ರಶ್ನೆಗೆ ಇಂದಿನ ಪ್ರಮುಖ ಸಾಧನಗಳೆಲ್ಲ ಕೊಡುವ ಉತ್ತರ ಹೆಚ್ಚಿನವರ ಅಗತ್ಯಕ್ಕಿಂತ ಮೇಲೆಯೇ ಇರುತ್ತದೆ. ಹಿಗ್ಗಿಸಿದಾಗ ಮರೆಯಾದ ಭಾಗವನ್ನು ಬೇಕೆಂದಾಗ ಮರಳಿ ಪಡೆಯುವ ದಾರಿ ಎಷ್ಟು ಸುಲಭವಾಗಿದೆ ಎಂದು ಕೇಳಿದಾಗ ಒಂದು ಸಾಧನಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯತೊಡಗುತ್ತದೆ.

ನಾಲ್ಕು ಪಟ್ಟು ಹಿಗ್ಗಿಸಿಕೊಂಡು ಅರ್ಜಿ ನಮೂನೆಯೊಂದನ್ನು ತುಂಬುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ. 'ಹೆಸರು' ಎಂಬ ಪದ ಎಡ ಅಂಚಿನಲ್ಲಿದೆ, ಅದನ್ನು ಬರೆಯಬೇಕಾದ ಚೌಕ ಬಲಕ್ಕೆ ದೂರದಲ್ಲಿದೆ. ಎರಡೂ ಒಟ್ಟಿಗೆ ಕಾಣುವುದಿಲ್ಲವಾದ್ದರಿಂದ ಅವರು ಮೌಸನ್ನು ಎಡಕ್ಕೆ ಒಯ್ದು ಓದಿ, ನೆನಪಿಟ್ಟುಕೊಂಡು, ಬಲಕ್ಕೆ ಸರಿದು ಬರೆಯುತ್ತಾರೆ. ಪ್ರತಿಯೊಂದು ಸಾಲಿಗೂ ಇದೇ ಓಡಾಟ. ಕೊನೆಗೆ ಕೆಳಗಿರುವ ಗುಂಡಿಯನ್ನು ಒತ್ತುತ್ತಾರೆ. ಏನೂ ಆದಂತೆ ಕಾಣುವುದಿಲ್ಲ. ಮತ್ತೊಮ್ಮೆ ಒತ್ತುತ್ತಾರೆ. ದೂರವಾಣಿ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆಯಿದೆ ಎಂಬ ಕೆಂಪು ಸಾಲು ಪುಟದ ನೆತ್ತಿಯಲ್ಲಿ ಆಗಲೇ ಮೂಡಿದೆ, ಆದರೆ ಆ ನೆತ್ತಿ ಅವರಿಗೆ ಕಾಣುತ್ತಿರುವ ತುಂಡಿನೊಳಗೆ ಇಲ್ಲ. ಕಣ್ಣು ಮಂದವಾದವರಿಗೆ ಕಂಪ್ಯೂಟರ್ ಕೈಗೆ ಹತ್ತದು ಎಂದು ಸುತ್ತಲಿನವರು ತೀರ್ಮಾನಿಸಿಬಿಡುವುದು ಇಂಥ ಗಳಿಗೆಯಲ್ಲಿಯೇ, ಮತ್ತು ಅದು ತೀರಾ ಅನ್ಯಾಯದ ತೀರ್ಮಾನ. ಆ ಕೆಲಸಕ್ಕೆ ಹೊಂದದ ವಿಧಾನವೊಂದನ್ನು ಅವರ ಕೈಗೆ ಕೊಟ್ಟವರು ಮೊದಲು ಯೋಚಿಸಬೇಕಿತ್ತು.

ಕಣ್ಣಿಗೆ ಬೇಕಾದದ್ದು ಏನು

ಮಂದದೃಷ್ಟಿ ಎಂಬ ಒಂದೇ ಹೆಸರಿನಡಿ ಬಹಳ ಬೇರೆಬೇರೆ ತೊಂದರೆಗಳು ಸೇರಿಕೊಂಡಿವೆ. ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಹಾಳಾದವರಿಗೆ ನೇರವಾಗಿ ನೋಡಿದ ಜಾಗವೇ ಮಸುಕಾಗಿರುತ್ತದೆ. ಅವರು ಪಕ್ಕದ ದೃಷ್ಟಿಯಿಂದ ಓದಬೇಕಾಗಿ ಬರುವುದರಿಂದ ದೊಡ್ಡ ಅಕ್ಷರ ಅವರಿಗೆ ನಿಜವಾಗಿ ನೆರವಾಗುತ್ತದೆ. ಮುಂದುವರಿದ ಗ್ಲಾಕೋಮಾ ಇರುವವರಲ್ಲಿ, ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಲ್ಲಿ ಪರಿಸ್ಥಿತಿ ತಿರುವುಮುರುವಾಗಿರುತ್ತದೆ: ನಡುವಿನ ದೃಷ್ಟಿ ಉಳಿದು ಸುತ್ತಲಿನದು ಕುಗ್ಗುತ್ತ ಬಂದು, ಕೊಳವೆಯೊಂದರ ಮೂಲಕ ನೋಡಿದಂತಾಗುತ್ತದೆ. ಇಂಥವರಿಗೆ ಅಕ್ಷರವನ್ನು ಹಿಗ್ಗಿಸಿದಷ್ಟೂ ಆ ಕೊಳವೆಯೊಳಗೆ ಹಿಡಿಸುವ ಅಕ್ಷರಗಳು ಕಡಿಮೆಯಾಗಿ ಓದು ಇನ್ನಷ್ಟು ನಿಧಾನವಾಗುತ್ತದೆ. ಅವರಿಗೆ ಬೇಕಾದದ್ದು ಸಾಧಾರಣ ಗಾತ್ರದ, ಹಿನ್ನೆಲೆಯಿಂದ ಎದ್ದು ಕಾಣುವ ಅಕ್ಷರ ಮತ್ತು ಕಳೆದುಹೋಗದ ದಪ್ಪ ಕರ್ಸರ್. ಪೊರೆ ಬಂದವರಿಗೆ, ಬೆಳಕು ಚುಚ್ಚುವವರಿಗೆ ಬಿಳಿಯ ಹಿನ್ನೆಲೆಯೇ ಶತ್ರು. ಎಷ್ಟೋ ವೇಳೆ ಬಣ್ಣಗಳನ್ನು ತಿರುಗಿಸಿ ಕಪ್ಪಿನ ಮೇಲೆ ಬಿಳಿ ಮಾಡಿಕೊಂಡೊಡನೆ ಮೂರು ಪಟ್ಟು ಬೇಕೆನ್ನುತ್ತಿದ್ದವರಿಗೆ ಎರಡು ಪಟ್ಟು ಸಾಕಾಗುತ್ತದೆ. ಕಣ್ಣುಗುಡ್ಡೆ ತಾನಾಗಿ ಅಲುಗುತ್ತಿರುವ ನಿಸ್ಟಾಗ್ಮಸ್ ಇದ್ದವರಿಗೆ ಪರದೆಯೂ ಜೊತೆಯಲ್ಲಿ ಓಡತೊಡಗಿದರೆ ತಲೆ ಸುತ್ತುತ್ತದೆ.

ಆದ್ದರಿಂದ ಸಾಧನದ ಮಾತಿಗೆ ಮೊದಲು ತನಗೆ ಹಿತವಾಗಿ ಓದಲು ಬರುವ ಅತಿ ಚಿಕ್ಕ ಅಕ್ಷರ ಯಾವುದೆಂದು ಕಂಡುಕೊಳ್ಳುವುದು ಒಳ್ಳೆಯದು. 'ಹಿತವಾಗಿ' ಎಂಬ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಕಣ್ಣು ಕಿರಿದಾಗಿಸಿ ಎರಡು ಸಾಲು ಓದಬಲ್ಲ ಗಾತ್ರಕ್ಕೂ ಅರ್ಧ ಗಂಟೆ ಓದಬಲ್ಲ ಗಾತ್ರಕ್ಕೂ ಬಹಳ ಅಂತರವಿದೆ. ಹಾಗೆಯೇ ದೂರವನ್ನೂ ಗಮನಿಸಬೇಕು. 60 ಸೆಂಟಿಮೀಟರ್ ದೂರದಲ್ಲಿದ್ದ ಪರದೆಯನ್ನು 30 ಸೆಂಟಿಮೀಟರಿಗೆ ತಂದರೆ ಅಕ್ಷಿಪಟಲದ ಮೇಲೆ ಬೀಳುವ ಬಿಂಬ ಎರಡು ಪಟ್ಟಾಗುತ್ತದೆ, ಪರದೆಯ ಒಂದು ಭಾಗವೂ ಮರೆಯಾಗುವುದಿಲ್ಲ. ಮಾನಿಟರನ್ನು ಮುಂದಕ್ಕೆ ಎಳೆದುಕೊಳ್ಳಲು ಬರುವ ತೋಳು ಮತ್ತು ಆ ದೂರಕ್ಕೆ ಅಳೆದು ಮಾಡಿಸಿದ ಕನ್ನಡಕ, ಇವೆರಡು ಎಷ್ಟೋ ಜನರಿಗೆ ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಉಪಕಾರ ಮಾಡಿವೆ. ಪರದೆಯ ಮುಂದೆ ತೂಗುಹಾಕುವ ಪ್ಲಾಸ್ಟಿಕ್ ಭೂತಗನ್ನಡಿಗಳನ್ನು ಮಾತ್ರ ನಾನು ಸೂಚಿಸಲಾರೆ. ಅವು ಅಂಚುಗಳಲ್ಲಿ ಬಿಂಬವನ್ನು ಸೊಟ್ಟಗಾಗಿಸಿ ದೀಪದ ಬೆಳಕನ್ನು ಕಣ್ಣಿಗೆ ಹೊಡೆಯುವಂತೆ ಮಾಡುತ್ತವೆ.

ಮತ್ತೆ ಬರೆದ ಅಕ್ಷರ, ಎಳೆದು ಹಿಗ್ಗಿಸಿದ ಅಕ್ಷರ

ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದಾಗುವುದು ಎರಡು ರೀತಿಯಲ್ಲಿ. ಒಂದರಲ್ಲಿ ಕಂಪ್ಯೂಟರು ಫಾಂಟಿನ ರೇಖೆಗಳನ್ನು ಹೊಸ ಗಾತ್ರಕ್ಕೆ ತಕ್ಕಂತೆ ಮತ್ತೆ ಬರೆಯುತ್ತದೆ. ಇನ್ನೊಂದರಲ್ಲಿ ಆಗಲೇ ಬರೆದು ಮುಗಿದ ಚಿತ್ರದ ಒಂದೊಂದು ಪಿಕ್ಸೆಲನ್ನೂ ಎಳೆದು ಹಿಗ್ಗಿಸುತ್ತದೆ. ಮೊದಲನೆಯದರಲ್ಲಿ ಅಕ್ಷರ ಎಷ್ಟು ದೊಡ್ಡದಾದರೂ ಅಂಚು ಚೂಪಾಗಿಯೇ ಇರುತ್ತದೆ. ಎರಡನೆಯದರಲ್ಲಿ ಮೂರು ನಾಲ್ಕು ಪಟ್ಟು ದಾಟುವಷ್ಟರಲ್ಲಿ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ ಅಥವಾ ಮಸುಕಾಗುತ್ತದೆ. ಕನ್ನಡ ಲಿಪಿಯಲ್ಲಿ ಇದರ ಪರಿಣಾಮ ಹೆಚ್ಚು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಿನ ಭೇದವೆಲ್ಲ ಅಕ್ಷರದ ತಳದಲ್ಲಿರುವ ಒಂದು ಪುಟ್ಟ ಸೀಳಿನಲ್ಲಿದೆ. ಚಿಕ್ಕ ಗಾತ್ರದಲ್ಲಿ ಆ ಸೀಳಿಗೆ ಸಿಗುವುದು ಒಂದೋ ಎರಡೋ ಪಿಕ್ಸೆಲ್. ಹಿಗ್ಗಿಸಿದಾಗ ಅದು ಮಂಜಿನಲ್ಲಿ ಮುಚ್ಚಿಹೋಗಿ ಅಕ್ಷರ ಮಹಾಪ್ರಾಣವೋ ಅಲ್ಪಪ್ರಾಣವೋ ಎಂಬುದನ್ನು ಓದುವವರು ಊಹಿಸಬೇಕಾಗುತ್ತದೆ. ಒತ್ತಕ್ಷರಗಳ ಗತಿಯೂ ಅಷ್ಟೆ.

ಹೀಗಿರುವುದರಿಂದ ಮತ್ತೆ ಬರೆಯುವ ವಿಧಾನಗಳನ್ನು ಮೊದಲು ಪೂರ್ತಿಯಾಗಿ ಬಳಸಿಕೊಂಡು, ಅವು ಸಾಲದೆ ಹೋದಲ್ಲಿ ಮಾತ್ರ ಎಳೆದು ಹಿಗ್ಗಿಸುವ ಸಾಧನಕ್ಕೆ ಕೈಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿರುವ ಸ್ಕೇಲ್ ಎಂಬುದು ಅಕ್ಷರ, ಗುಂಡಿ, ಚಿತ್ರ ಎಲ್ಲವನ್ನೂ ಒಟ್ಟಿಗೆ ಬೆಳೆಸುತ್ತದೆ. ಪಟ್ಟಿಯಲ್ಲಿ ಕಾಣುವ ಪ್ರಮಾಣ ಸಾಲದಿದ್ದರೆ 500 ಪ್ರತಿಶತದವರೆಗಿನ ಸಂಖ್ಯೆಯನ್ನು ನಾವೇ ಬರೆಯಬಹುದು. ಅಕ್ಷರ ಮಾತ್ರ ದೊಡ್ಡದಾಗಿ ಉಳಿದದ್ದು ಇದ್ದಂತೆಯೇ ಇರಲಿ ಎನ್ನುವವರಿಗೆ ಆಕ್ಸೆಸಿಬಿಲಿಟಿ ವಿಭಾಗದ ಟೆಕ್ಸ್ಟ್ ಸೈಜ್ ಇದೆ, ಅದು 225 ಪ್ರತಿಶತದವರೆಗೆ ಹೋಗುತ್ತದೆ. ಮ್ಯಾಕ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಲಾರ್ಜರ್ ಟೆಕ್ಸ್ಟ್' ಎಂಬ ಬದಿಗೆ ಸರಿದರೆ ಇದೇ ಬಗೆಯ ಫಲ ಸಿಗುತ್ತದೆ. ಇವುಗಳ ಮಿತಿಯನ್ನೂ ಹೇಳಬೇಕು. ಸ್ಕೇಲನ್ನು ಬಹಳ ಏರಿಸಿದಾಗ ಕೆಲವು ಹಳೆಯ ತಂತ್ರಾಂಶಗಳ ಕಿಟಕಿಗಳು ಪರದೆಗಿಂತ ದೊಡ್ಡದಾಗಿ, 'ಸರಿ' ಎಂಬ ಗುಂಡಿ ಕೆಳಗಿನ ಅಂಚಿನಾಚೆ ಉಳಿದುಬಿಡುತ್ತದೆ. ಅಲ್ಲಿಗೆ ತಲುಪಿದಾಗ ಒಂದು ಹೆಜ್ಜೆ ಹಿಂದಕ್ಕೆ ಬಂದು, ಉಳಿದ ಅಗತ್ಯವನ್ನು ಹಿಗ್ಗಿಸುವ ಸಾಧನಕ್ಕೆ ಬಿಡುವುದು ಸರಿಯಾದ ಹಂಚಿಕೆ.

ಓದುವ ಕೆಲಸವೆಲ್ಲ ಬ್ರೌಸರಿನಲ್ಲಿಯೇ ನಡೆಯುವವರಿಗೆ ಬ್ರೌಸರಿನ ಜೂಮ್ ಒಂದೇ ಸಾಕಾಗಬಹುದು. ಕಂಟ್ರೋಲ್ ಒತ್ತಿಹಿಡಿದು ಪ್ಲಸ್ ಒತ್ತಿದರೆ ಪುಟ ದೊಡ್ಡದಾಗುತ್ತದೆ, ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲಿಗೆ ಕಮಾಂಡ್ ಕೀ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 500 ಪ್ರತಿಶತದವರೆಗೆ ಹೋಗುತ್ತವೆ. ಇದರ ಹೆಚ್ಚುಗಾರಿಕೆ ಇರುವುದು ಸಾಲುಗಳನ್ನು ಮುರಿದು ಜೋಡಿಸುವುದರಲ್ಲಿ: ಚೆನ್ನಾಗಿ ಕಟ್ಟಿದ ಪುಟದಲ್ಲಿ ಅಕ್ಷರ ದೊಡ್ಡದಾದಂತೆ ಸಾಲು ಪರದೆಯ ಅಗಲಕ್ಕೆ ತಕ್ಕಂತೆ ಮುರಿದು, ಓದುವವರು ಮೇಲಿನಿಂದ ಕೆಳಕ್ಕೆ ಮಾತ್ರ ಸರಿದರೆ ಸಾಕಾಗುತ್ತದೆ. ಒಂದೊಂದು ಸಾಲಿಗೂ ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂದು ಮುಂದಿನ ಸಾಲಿನ ತಲೆಯನ್ನು ಹುಡುಕುವ ಶ್ರಮ ತಪ್ಪುತ್ತದೆ. 2018ರಲ್ಲಿ ಹೊರಬಂದ ಡಬ್ಲ್ಯುಸಿಎಜಿ 2.1 ಎಂಬ ಜಾಲತಾಣಗಳ ಸುಗಮ್ಯತೆಯ ಮಾನದಂಡವು 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ 400 ಪ್ರತಿಶತಕ್ಕೆ ಹಿಗ್ಗಿಸಿದರೂ, ನಕ್ಷೆ ಮತ್ತು ಕೋಷ್ಟಕದಂಥ ಕೆಲವು ವಸ್ತುಗಳನ್ನು ಬಿಟ್ಟರೆ, ಅಡ್ಡಕ್ಕೆ ಸರಿಯುವ ಅಗತ್ಯ ಬೀಳಬಾರದು ಎಂದು ಕೇಳುತ್ತದೆ. ಮೇಲೆ ಹೇಳಿದ ಅರ್ಜಿ ನಮೂನೆಯನ್ನು ಹೀಗೆ ಹಿಗ್ಗಿಸಿದ್ದರೆ, ಮತ್ತು ಅದನ್ನು ಕಟ್ಟಿದವರು ಈ ನಿಯಮವನ್ನು ಪಾಲಿಸಿದ್ದರೆ, 'ಹೆಸರು' ಎಂಬ ಪದ ಚೌಕದ ನೆತ್ತಿಯ ಮೇಲೆಯೇ ಬಂದು ಕೂರುತ್ತಿತ್ತು.

ಜಾಹೀರಾತು ಮತ್ತು ಪಕ್ಕದ ಪಟ್ಟಿಗಳಿಂದ ತುಂಬಿದ ಪುಟಗಳಿಗೆ ಓದುವ ನೋಟವಿದೆ. ಫೈರ್‌ಫಾಕ್ಸ್‌ನಲ್ಲಿಯೂ ಎಡ್ಜ್‌ನಲ್ಲಿಯೂ ಎಫ್9 ಒತ್ತಿದರೆ ಲೇಖನವೊಂದೇ ಉಳಿದು, ಅದರ ಗಾತ್ರ, ಸಾಲುಗಳ ಅಂತರ, ಹಿನ್ನೆಲೆಯ ಬಣ್ಣ ಎಲ್ಲ ನಮ್ಮ ಹಿಡಿತಕ್ಕೆ ಬರುತ್ತವೆ. ವರ್ಡ್‌ನಲ್ಲಿ ಇದೇ ಕೆಲಸಕ್ಕೆ ವೆಬ್ ಲೇಔಟ್ ನೋಟವನ್ನು ಆರಿಸಬೇಕು. ಪಿಡಿಎಫ್ ಓದುವ ಅಡೋಬಿ ರೀಡರಿನಲ್ಲಿ ಸಾಲುಗಳನ್ನು ಮುರಿದು ಜೋಡಿಸುವ ರೀಫ್ಲೋ ಎಂಬುದಿದೆ, ಕಂಟ್ರೋಲ್ ಮತ್ತು 4 ಒತ್ತಿದರೆ ಬರುತ್ತದೆ. ಕಾಗದವನ್ನು ಸ್ಕ್ಯಾನ್ ಮಾಡಿ ಮಾಡಿದ ಪಿಡಿಎಫ್‌ಗೆ ಮಾತ್ರ ಇವು ಯಾವುವೂ ನಡೆಯುವುದಿಲ್ಲ, ಏಕೆಂದರೆ ಅದರೊಳಗೆ ಅಕ್ಷರಗಳೇ ಇಲ್ಲ, ಅಕ್ಷರಗಳ ಫೋಟೋ ಇದೆ.

ಪೂರ್ತಿ ಪರದೆ, ಮಸೂರ, ಪಟ್ಟಿ

ಇಷ್ಟೆಲ್ಲ ಮಾಡಿದ ಮೇಲೂ ಸಾಲದವರಿಗೆ, ಅಥವಾ ತಮ್ಮದಲ್ಲದ ಕಂಪ್ಯೂಟರಿನಲ್ಲಿ ಕೆಲಸ ಮಾಡಬೇಕಾದವರಿಗೆ ಮ್ಯಾಗ್ನಿಫೈಯರ್, ಅಂದರೆ ಪರದೆಯನ್ನು ಎಳೆದು ಹಿಗ್ಗಿಸುವ ತಂತ್ರಾಂಶ, ಬೇಕು. ಯಾವ ಕಂಪನಿಯದಾದರೂ ಅದರಲ್ಲಿ ಮುಖ್ಯವಾಗಿ ಮೂರು ನೋಟಗಳಿರುತ್ತವೆ, ಮತ್ತು ಈ ಮೂರರಲ್ಲಿ ಸರಿಯಾದುದನ್ನು ಆರಿಸುವುದು ತಂತ್ರಾಂಶವನ್ನು ಆರಿಸುವುದಕ್ಕಿಂತ ಮುಖ್ಯವಾದ ವಿಷಯ.

ಪೂರ್ತಿ ಪರದೆಯ ನೋಟದಲ್ಲಿ ಇಡೀ ಪರದೆಯೇ ಒಂದು ಕಿಟಕಿಯಾಗಿ, ಮೌಸ್ ಹೋದಲ್ಲಿಗೆಲ್ಲ ಕೆಳಗಿನ ದೃಶ್ಯ ಸರಿಯುತ್ತದೆ. ಒಮ್ಮೆಗೆ ಅತಿ ಹೆಚ್ಚು ದೊಡ್ಡ ಅಕ್ಷರಗಳು ಸಿಗುವುದು ಇದರಲ್ಲಿಯೇ. ದೀರ್ಘವಾಗಿ ಓದುವವರಿಗೆ, ಬರೆಯುವವರಿಗೆ, ಮ್ಯಾಕ್ಯುಲಾದ ತೊಂದರೆಯಿರುವವರಿಗೆ ಇದು ಸಹಜವಾದ ಆಯ್ಕೆ. ಇದರ ದೋಷ ಚಲನೆಯಲ್ಲಿದೆ: ಕೈ ಸ್ವಲ್ಪ ನಡುಗಿದರೂ ಇಡೀ ಲೋಕ ನಡುಗುತ್ತದೆ. ಹೆಚ್ಚಿನವರು ಇದನ್ನು ಸಹಿಸಿಕೊಂಡು ಬಿಡುತ್ತಾರೆಯೇ ಹೊರತು ಅದನ್ನು ಬದಲಿಸಬಹುದೆಂದು ತಿಳಿದಿರುವುದಿಲ್ಲ. ಮೌಸ್ ಸದಾ ಪರದೆಯ ನಡುವಿನಲ್ಲಿರಬೇಕೇ, ಇಲ್ಲವೇ ಅಂಚಿಗೆ ತಾಗಿದಾಗ ಮಾತ್ರ ದೃಶ್ಯ ಸರಿಯಬೇಕೇ ಎಂಬ ಆಯ್ಕೆ ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲಿಯೂ ಇದೆ. ಮೌಸ್ ನಡುವಿನಲ್ಲಿಯೇ ಇದ್ದರೆ ಅದು ಎಂದೂ ಕಳೆದುಹೋಗುವುದಿಲ್ಲ, ಆದರೆ ದೃಶ್ಯ ಒಂದು ಕ್ಷಣವೂ ನಿಲ್ಲುವುದಿಲ್ಲ. ಅಂಚಿಗೆ ತಾಗಿದಾಗ ಸರಿಯುವ ಬಗೆಯಲ್ಲಿ ಓದುವಷ್ಟು ಹೊತ್ತು ಅಕ್ಷರಗಳು ಕಲ್ಲಿನಂತೆ ನಿಂತಿರುತ್ತವೆ. ತಲೆಸುತ್ತು ಬರುತ್ತದೆ ಎಂಬ ಕಾರಣಕ್ಕೆ ಮ್ಯಾಗ್ನಿಫೈಯರನ್ನೇ ಬಿಟ್ಟವರು ಈ ಒಂದು ಆಯ್ಕೆಯನ್ನು ಬದಲಿಸಿ ಮತ್ತೊಮ್ಮೆ ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮಸೂರದ ನೋಟದಲ್ಲಿ ಪರದೆ ಇದ್ದಂತೆಯೇ ಇದ್ದು, ಮೌಸಿನ ಸುತ್ತ ಒಂದು ಆಯತ ಮಾತ್ರ ಹಿಗ್ಗುತ್ತದೆ. ಕೈಯಲ್ಲಿ ಭೂತಗನ್ನಡಿ ಹಿಡಿದು ಪತ್ರಿಕೆ ಓದಿ ಅಭ್ಯಾಸವಿದ್ದವರು ಇದಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ. ಪುಟದ ಒಟ್ಟು ಆಕಾರ ಕಾಣುವಷ್ಟು ದೃಷ್ಟಿ ಉಳಿದಿದ್ದು, ಸಣ್ಣ ಅಕ್ಷರ ಮಾತ್ರ ತೊಂದರೆ ಕೊಡುತ್ತಿದ್ದರೆ ಇದು ಹೊಂದುತ್ತದೆ. ವಿವರಪಟ್ಟಿಯ ಒಂದು ಅಂಕಿ, ನಕ್ಷೆಯ ಒಂದು ಊರಿನ ಹೆಸರು, ಚಿತ್ರದ ಕೆಳಗಿನ ಟಿಪ್ಪಣಿ ಇಂಥವನ್ನು ಇಣುಕಿ ನೋಡಲು ಹೇಳಿಮಾಡಿಸಿದ್ದು. ದೀರ್ಘ ಓದಿಗೆ ಇದನ್ನು ನಾನು ಒಪ್ಪುವುದಿಲ್ಲ. ಮಸೂರ ತನ್ನ ಸುತ್ತಲಿನ ಒಂದಷ್ಟು ಜಾಗವನ್ನು ತಾನೇ ಮುಚ್ಚುತ್ತದೆ, ಸಾಲಿನುದ್ದಕ್ಕೂ ಕೈ ನೇರವಾಗಿ ಸರಿಯುತ್ತಿರಬೇಕು. ಅಗಲವಾಗಿ ಮತ್ತು ಗಿಡ್ಡವಾಗಿ ಮಾಡಿಕೊಂಡ ಮಸೂರವಾದರೆ ಕನ್ನಡದ ಸಾಲಿನ ಒತ್ತಕ್ಷರಗಳು ಕೆಳ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಎತ್ತರವನ್ನು ಹೊಂದಿಸುವಾಗ 'ಸ್ವಾತಂತ್ರ್ಯ' ಎಂಬ ಪದವನ್ನು ಅದರಡಿ ತಂದು, ಕೊನೆಯ ತ ಅಡಿಯ ರ ಒತ್ತು, ಯ ಒತ್ತು ಪೂರ್ತಿ ಕಾಣುತ್ತವೆಯೇ ಎಂದು ನೋಡುವುದು ಚಿಕ್ಕದಾದರೂ ಉಪಯುಕ್ತವಾದ ಪರೀಕ್ಷೆ.

ಪಟ್ಟಿಯ ನೋಟಕ್ಕೆ ಡಾಕ್ಡ್ ಎಂದು ಹೆಸರು. ಪರದೆಯ ಮೇಲ್ಭಾಗದಲ್ಲಿಯೋ ಬೇರೊಂದು ಬದಿಯಲ್ಲಿಯೋ ಒಂದು ಪಟ್ಟಿಯನ್ನು ಕಾದಿರಿಸಿ, ಮೌಸ್ ಅಥವಾ ಕರ್ಸರ್ ಇರುವ ಜಾಗದ ದೊಡ್ಡ ರೂಪವನ್ನು ಅದರಲ್ಲಿ ತೋರಿಸಲಾಗುತ್ತದೆ. ಇದನ್ನು ಕಡೆಗಣಿಸುವವರೇ ಹೆಚ್ಚು, ಆದರೆ ಅಂಕಿ ತುಂಬುವ ಕೆಲಸಕ್ಕೆ ಇದಕ್ಕೆ ಸಮನಾದುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಬಾಣದ ಕೀಲಿಗಳಿಂದ ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುತ್ತಿರುವಾಗ ಆ ಕೋಶ ಮೇಲಿನ ಪಟ್ಟಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಹಾಳೆಯ ಒಟ್ಟು ಜೋಡಣೆ ಕೆಳಗೆ ಹಾಗೆಯೇ ಇರುತ್ತದೆ. ದೃಷ್ಟಿಯ ಒಂದು ಪಾರ್ಶ್ವ ಕಳೆದುಕೊಂಡವರು, ಉದಾಹರಣೆಗೆ ಪಾರ್ಶ್ವವಾಯುವಿನ ನಂತರ ಎಡಗಡೆಯದು ಕಾಣದಾದವರು, ಪಟ್ಟಿಯನ್ನು ಬಲ ಅಂಚಿಗೆ ಇಟ್ಟುಕೊಳ್ಳಬಹುದು. ಕಣ್ಣು ಎರಡು ಕಡೆ ಓಡಾಡಬೇಕಾಗುವುದು ಇದರ ಬೆಲೆ, ಮತ್ತು ಪಟ್ಟಿ ತಿನ್ನುವ ಜಾಗ ಸಣ್ಣ ಲ್ಯಾಪ್‌ಟಾಪಿನಲ್ಲಿ ದುಬಾರಿಯಾಗುತ್ತದೆ.

ಕಂಪ್ಯೂಟರಿನೊಳಗೇ ಇರುವ ಸಾಧನಗಳು

ವಿಂಡೋಸ್‌ನ ಮ್ಯಾಗ್ನಿಫೈಯರ್ ವಿಂಡೋಸ್ 98ರ ಕಾಲದಿಂದಲೂ ಇದೆ. ಆಗ ಅದು ಪರದೆಯ ಅಂಚಿನ ಒಂದು ಪಟ್ಟಿಯಾಗಿತ್ತು, ಪೂರ್ತಿ ಪರದೆ ಮತ್ತು ಮಸೂರದ ನೋಟಗಳು 2009ರ ವಿಂಡೋಸ್ 7ರಲ್ಲಿ ಬಂದವು. ವಿಂಡೋಸ್ ಕೀ ಮತ್ತು ಪ್ಲಸ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ, ವಿಂಡೋಸ್ ಕೀ ಮತ್ತು ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ಜೊತೆಗೆ ಎಫ್ ಒತ್ತಿದರೆ ಪೂರ್ತಿ ಪರದೆ, ಎಲ್ ಒತ್ತಿದರೆ ಮಸೂರ, ಡಿ ಒತ್ತಿದರೆ ಪಟ್ಟಿ, ಐ ಒತ್ತಿದರೆ ಬಣ್ಣಗಳು ತಿರುಗುತ್ತವೆ. ಹಿಗ್ಗುವ ಮಿತಿ 1600 ಪ್ರತಿಶತ. ಇವೆಲ್ಲಕ್ಕಿಂತ ಬೆಲೆಬಾಳುವ ಶಾರ್ಟ್‌ಕಟ್ ಕಂಟ್ರೋಲ್, ಆಲ್ಟ್ ಮತ್ತು ಸ್ಪೇಸ್: ಪೂರ್ತಿ ಪರದೆಯ ನೋಟದಲ್ಲಿ ಇದ್ದಾಗ ಇದನ್ನು ಒತ್ತಿದರೆ ಒಂದು ಕ್ಷಣ ಇಡೀ ಪರದೆ ಕುಗ್ಗಿ ಕಂಡು, ನಾವು ಎಲ್ಲಿದ್ದೇವೆಂದು ತೋರಿಸಿ, ಮತ್ತೆ ಹಿಗ್ಗಿದ ಜಾಗಕ್ಕೆ ಮರಳುತ್ತದೆ. ಕೆಂಪು ಸಾಲು ಎಲ್ಲೋ ಮೂಡಿದೆ ಎಂಬ ಸುಳಿವು ಸಿಗುವುದು ಹೀಗೆ.

ಹೊಸದಾಗಿ ಬಳಸುವವರು ಎರಡು ವಿಷಯ ಸರಿಪಡಿಸಿಕೊಳ್ಳಬೇಕು. ಪ್ಲಸ್ ಒತ್ತಿದಾಗಲೆಲ್ಲ ಅದು 100 ಪ್ರತಿಶತದಷ್ಟು ಜಿಗಿಯುವಂತಿದ್ದರೆ ಒಂದೂವರೆ ಪಟ್ಟು ಸಾಕಾದವರು ಎರಡಕ್ಕೆ ಹೋಗಿ ಬೀಳುತ್ತಾರೆ. ಸೆಟ್ಟಿಂಗ್‌ನಲ್ಲಿ ಈ ಜಿಗಿತವನ್ನು 25 ಅಥವಾ 50ಕ್ಕೆ ಇಳಿಸಬೇಕು. ಎರಡನೆಯದಾಗಿ, ಮ್ಯಾಗ್ನಿಫೈಯರ್ ಮೌಸನ್ನು ಮಾತ್ರವಲ್ಲದೆ ಕೀಬೋರ್ಡಿನ ಫೋಕಸ್ಸನ್ನೂ ಬರೆಯುವ ಕರ್ಸರನ್ನೂ ಹಿಂಬಾಲಿಸುವಂತೆ ಗುರುತು ಹಾಕಿರಬೇಕು, ಇಲ್ಲವಾದರೆ ಟ್ಯಾಬ್ ಒತ್ತಿ ಮುಂದಿನ ಚೌಕಕ್ಕೆ ಹೋದಾಗ ನೋಟ ಹಿಂದೆಯೇ ಉಳಿಯುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ಜೊತೆಗೆ ಬಾಣದ ಕೀಲಿಗಳಿಂದ ದೃಶ್ಯವನ್ನು ಸರಿಸಬಹುದು, ಆದರೆ ಹಳೆಯ ಕೆಲವು ಗ್ರಾಫಿಕ್ಸ್ ಡ್ರೈವರುಗಳಲ್ಲಿ ಇದೇ ಕೀಲಿಗಳು ಪರದೆಯನ್ನು ಅಡ್ಡಡ್ಡ ತಿರುಗಿಸಿಬಿಡುತ್ತವೆ; ಹಾಗಾದಾಗ ಮೇಲಿನ ಬಾಣ ಒತ್ತಿದರೆ ನೇರವಾಗುತ್ತದೆ. ಪಾಸ್‌ವರ್ಡ್ ಹಾಕುವ ಮೊದಲೇ ಮ್ಯಾಗ್ನಿಫೈಯರ್ ಆರಂಭವಾಗುವಂತೆ ಮಾಡುವ ಆಯ್ಕೆಯೂ ಅದೇ ಸೆಟ್ಟಿಂಗ್‌ನಲ್ಲಿದೆ, ಅದನ್ನು ಹಾಕಿಕೊಳ್ಳದವರು ಬೆಳಗಿನ ಮೊದಲ ಹೆಜ್ಜೆಗೇ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ.

ಮ್ಯಾಕ್‌ನಲ್ಲಿರುವ ಸಾಧನದ ಹೆಸರು ಜೂಮ್. ಅದನ್ನು ಮೊದಲು ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಸಕ್ರಿಯಗೊಳಿಸಬೇಕು. ಆಮೇಲೆ ಆಪ್ಷನ್, ಕಮಾಂಡ್ ಮತ್ತು 8 ಒತ್ತಿ ತೆರೆಯಬಹುದು, ಮುಚ್ಚಬಹುದು. ನನ್ನ ದೃಷ್ಟಿಯಲ್ಲಿ ಅದರ ಬಲ ಕಂಟ್ರೋಲ್ ಹಿಡಿದು ಎರಡು ಬೆರಳಿನಿಂದ ಟ್ರ್ಯಾಕ್‌ಪ್ಯಾಡ್ ಉಜ್ಜುವ ವಿಧಾನದಲ್ಲಿದೆ. ಹಿಗ್ಗುವುದು ಕುಗ್ಗುವುದು ಮೆಟ್ಟಿಲುಗಳಿಲ್ಲದೆ ನೀರಿನಂತೆ ಹರಿಯುವುದರಿಂದ, ಕುಗ್ಗಿಸಿ ಒಟ್ಟು ನೋಡುವುದು, ಹಿಗ್ಗಿಸಿ ವಿವರ ಓದುವುದು ಎರಡೂ ಒಂದೇ ಚಲನೆಯಾಗುತ್ತವೆ. ಕೀಲಿಗಳನ್ನು ನೆನಪಿಟ್ಟುಕೊಳ್ಳಲಾಗದ ಹಿರಿಯರಿಗೆ ಇದು ಬಹಳ ದೊಡ್ಡ ಅನುಕೂಲ. 2019ರಲ್ಲಿ ಸೇರಿಸಿದ ಹೋವರ್ ಟೆಕ್ಸ್ಟ್ ಎಂಬುದೂ ಗಮನಕ್ಕೆ ಅರ್ಹವಾದದ್ದು: ಕಮಾಂಡ್ ಒತ್ತಿಹಿಡಿದು ಮೌಸನ್ನು ಒಂದು ಪದದ ಮೇಲೆ ನಿಲ್ಲಿಸಿದರೆ ಅಲ್ಲಿನ ಬರಹ ಬೇರೆ ಕಿಟಕಿಯಲ್ಲಿ, ನಾವು ಆರಿಸಿದ ಫಾಂಟು ಮತ್ತು ಬಣ್ಣಗಳಲ್ಲಿ, ಮತ್ತೆ ಬರೆದ ಅಕ್ಷರವಾಗಿ ಮೂಡುತ್ತದೆ. ಎಳೆದು ಹಿಗ್ಗಿಸಿದ್ದಲ್ಲವಾದ್ದರಿಂದ ಅಲ್ಲಿ ಮಸುಕೆಂಬುದೇ ಇಲ್ಲ.

ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಸೂಪರ್ (ವಿಂಡೋಸ್ ಗುರುತಿನ ಕೀ), ಆಲ್ಟ್ ಮತ್ತು 8 ಒತ್ತಿದರೆ ಜೂಮ್ ಬರುತ್ತದೆ. ಪೂರ್ತಿ ಪರದೆಯೋ ಅರ್ಧ ಪರದೆಯೋ ಎಂಬ ಆಯ್ಕೆ, ಮೌಸನ್ನು ಹುಡುಕಲು ಅಡ್ಡ ಉದ್ದ ಗೆರೆಗಳು ಅದರಲ್ಲಿವೆ. ಕೆಡಿಇ ಎಂಬ ಇನ್ನೊಂದು ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಮೆಟಾ ಎಂದು ಕರೆಯುವ ಅದೇ ಕೀ ಜೊತೆಗೆ ಸಮಚಿಹ್ನೆಯ ಕೀ. ಕ್ರೋಮ್‌ಬುಕ್‌ನಲ್ಲಿ ಕಂಟ್ರೋಲ್ ಮತ್ತು ಸರ್ಚ್ ಜೊತೆಗೆ ಎಂ ಒತ್ತಿದರೆ ಪೂರ್ತಿ ಪರದೆ, ಡಿ ಒತ್ತಿದರೆ ಪಟ್ಟಿ. ಇವು ಮೂಲ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ.

ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಯಾವಾಗ ಬೇಕು

ವಿಂಡೋಸ್‌ಗೆ ಸಿಗುವ ಹಣದ ತಂತ್ರಾಂಶಗಳಲ್ಲಿ ಹೆಚ್ಚು ಹೆಸರಾದವು ಎರಡು: ಈಗ ಫ್ರೀಡಂ ಸೈಂಟಿಫಿಕ್ ಬಳಿಯಿರುವ ಜೂಮ್‌ಟೆಕ್ಸ್ಟ್ ಮತ್ತು ಬ್ರಿಟನ್ನಿನ ಡಾಲ್ಫಿನ್ ಕಂಪನಿಯ ಸೂಪರ್‌ನೋವಾ. ಜೂಮ್‌ಟೆಕ್ಸ್ಟ್ 60 ಪಟ್ಟಿನವರೆಗೆ, ಸೂಪರ್‌ನೋವಾ 64 ಪಟ್ಟಿನವರೆಗೆ ಹಿಗ್ಗಿಸುತ್ತವೆಂಬುದು ಇವನ್ನು ಕೊಳ್ಳುವುದಕ್ಕೆ ಕಾರಣವಾಗಬಾರದು. 16 ಪಟ್ಟು ದಾಟಿದ ಮೇಲೆ 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಕಾಣುವುದು ಮೂಲದ 120 ಪಿಕ್ಸೆಲ್ಲಿಗಿಂತಲೂ ಕಡಿಮೆ, ಅಲ್ಲಿ ಒಂದು ಸಾಧಾರಣ ಪದವೂ ಪೂರ್ತಿ ಹಿಡಿಸುವುದು ಕಷ್ಟ. ಕೊಳ್ಳಲು ಒಪ್ಪಬಹುದಾದ ಕಾರಣಗಳು ಬೇರೆ. ಇವೆರಡೂ ಹಿಗ್ಗಿಸಿದ ಅಕ್ಷರದ ಅಂಚನ್ನು ನುಣುಪಾಗಿ ಮೂಡಿಸುವ ತಮ್ಮದೇ ತಂತ್ರವನ್ನು ಬಳಸುತ್ತವೆ, ಐದಾರು ಪಟ್ಟಿನಲ್ಲಿ ದಿನವಿಡೀ ಓದುವವರ ಕಣ್ಣಿಗೆ ಆ ವ್ಯತ್ಯಾಸ ಸಂಜೆಯ ಹೊತ್ತಿಗೆ ಅರಿವಾಗುತ್ತದೆ. ಕನ್ನಡ ಬರಹದ ಮೇಲೆ ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದನ್ನು ಮಾತ್ರ ಪ್ರಾಯೋಗಿಕ ಆವೃತ್ತಿಯಲ್ಲಿ ಸ್ವತಃ ನೋಡಿಯೇ ನಿರ್ಧರಿಸಬೇಕು. ಇಂಗ್ಲಿಷ್ ಅಕ್ಷರಗಳನ್ನು ತೋರಿಸಿ ಮಾಡಿದ ಪ್ರದರ್ಶನವನ್ನು ನಂಬಿ ಹಣ ಕೊಡಬಾರದು.

ಎರಡನೆಯ ಕಾರಣ ಧ್ವನಿ. ಹಿಗ್ಗಿಸುವುದನ್ನೂ ಓದಿ ಹೇಳುವುದನ್ನೂ ಒಂದೇ ಕಡೆ ಬೆಸೆದಿರುವುದು ಈ ತಂತ್ರಾಂಶಗಳ ಅಸಲಿ ಬಲ: ಜೂಮ್‌ಟೆಕ್ಸ್ಟಿನ ಒಂದು ರೂಪದಲ್ಲಿ ಓದಿ ಹೇಳುವ ಸೌಲಭ್ಯವಿದೆ, ಅದನ್ನೂ ಜಾಸ್ ಎಂಬ ಸ್ಕ್ರೀನ್ ರೀಡರನ್ನೂ ಸೇರಿಸಿದ ಫ್ಯೂಷನ್ ಎಂಬ ಇನ್ನೊಂದಿದೆ. ದೃಷ್ಟಿ ವರ್ಷದಿಂದ ವರ್ಷಕ್ಕೆ ಕುಂದುತ್ತಿರುವವರಿಗೆ ಇದರ ಮಹತ್ವ ಬಹಳ. ಇಂದು ಕಣ್ಣಿನಿಂದ ಓದುತ್ತ, ನಡುನಡುವೆ ಕಿವಿಯ ನೆರವು ಪಡೆಯುತ್ತ, ಅಗತ್ಯ ಬಿದ್ದ ದಿನ ಪೂರ್ತಿ ಕಿವಿಗೆ ಹೊರಳುವುದು ಅವರಿಗೆ ಸಾಧ್ಯವಾಗುತ್ತದೆ, ಕಲಿತದ್ದನ್ನೆಲ್ಲ ಬಿಟ್ಟು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.

ಹಣ ಕೊಡದೆಯೂ ಇದರ ಬಹುಪಾಲನ್ನು ಕಟ್ಟಿಕೊಳ್ಳಬಹುದು. ವಿಂಡೋಸ್ ಮ್ಯಾಗ್ನಿಫೈಯರಿನಲ್ಲಿ 2020ರಿಂದ ಓದಿ ಹೇಳುವ ಗುಂಡಿ ಇದೆ. ಕಂಟ್ರೋಲ್, ಆಲ್ಟ್ ಮತ್ತು ಎಂಟರ್ ಒತ್ತಿದರೆ ಓದತೊಡಗುತ್ತದೆ. ಅದಕ್ಕಿಂತ ಸಮರ್ಥವಾದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಅದರೊಡನೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಆ ಧ್ವನಿ ಯಾಂತ್ರಿಕವಾಗಿದೆ, ಮೊದಲ ದಿನ ಕಿವಿಗೆ ಹಿತವೆನಿಸುವುದಿಲ್ಲ, ಆದರೆ ದೀರ್ಘ ಲೇಖನವನ್ನು ಕಿವಿಗೆ ಬಿಟ್ಟುಕೊಟ್ಟು ಕಣ್ಣನ್ನು ಅರ್ಜಿ, ಅಂಕಿ, ಚಿತ್ರಗಳಿಗಾಗಿ ಉಳಿಸಿಕೊಂಡವರು ದಿನದ ಕೊನೆಗೆ ಕಡಿಮೆ ದಣಿದಿರುತ್ತಾರೆ.

ಒಂದು ವಾರದ ಪರೀಕ್ಷೆ

ಆಯ್ಕೆಯನ್ನು ಒಂದು ಗಂಟೆಯ ಪ್ರಯೋಗದಲ್ಲಿ ಮುಗಿಸಬೇಡಿ. ನೀವು ನಿಜವಾಗಿ ಮಾಡುವ ಮೂರು ಕೆಲಸಗಳನ್ನು ಆರಿಸಿ: ಒಂದು ದೀರ್ಘ ಓದು, ಒಂದು ಅರ್ಜಿ, ಒಂದು ಕೋಷ್ಟಕ. ಮೊದಲ ಎರಡು ದಿನ ಮ್ಯಾಗ್ನಿಫೈಯರ್ ಇಲ್ಲದೆ, ಸ್ಕೇಲ್, ಬಣ್ಣ, ದಪ್ಪ ಮೌಸ್ ಗುರುತು, ಬ್ರೌಸರಿನ ಜೂಮ್ ಇಷ್ಟರಲ್ಲೇ ಮಾಡಿ ನೋಡಿ. ಎಲ್ಲಿ ತಡೆಯಿತೋ ಅಲ್ಲಿಗೆ ಮಾತ್ರ ಮ್ಯಾಗ್ನಿಫೈಯರನ್ನು ಕರೆಯಿರಿ, ಅದೂ ಒಂದು ದಿನಕ್ಕೆ ಒಂದು ನೋಟದಂತೆ. ಪ್ರತಿದಿನ ಒಂದೇ ಹೊತ್ತಿಗೆ ಒಂದೇ ಉದ್ದದ ಬರಹ ಓದಿ, ಮುಗಿದ ಮೇಲೆ ಕುತ್ತಿಗೆ ಹೇಗಿದೆ, ಕಣ್ಣು ಉರಿಯುತ್ತಿದೆಯೇ, ಓದಿದ್ದು ನೆನಪಿದೆಯೇ ಎಂದು ಕೇಳಿಕೊಳ್ಳಿ. ಹೆಚ್ಚು ಹಿಗ್ಗಿಸಿದ ದಿನ ಅಕ್ಷರ ಸ್ಪಷ್ಟವಾಗಿ ಕಂಡು, ಓದಿದ ವಿಷಯ ಮಾತ್ರ ತಲೆಯಲ್ಲಿ ನಿಲ್ಲದಿದ್ದರೆ, ಸಾಲಿನ ಕೊನೆಯನ್ನು ಹುಡುಕುವುದರಲ್ಲಿಯೇ ಗಮನವೆಲ್ಲ ಖರ್ಚಾಗಿದೆ ಎಂದು ತಿಳಿದು ಒಂದು ಹೆಜ್ಜೆ ಇಳಿಸಿ.

ಇನ್ನೊಬ್ಬರಿಗಾಗಿ ಆರಿಸುತ್ತಿರುವವರಾದರೆ, ಸೆಟ್ಟಿಂಗನ್ನು ನೀವೇ ಮಾಡಿ ಎದ್ದುಹೋಗಬೇಡಿ. ಮೌಸ್ ಅವರ ಕೈಯಲ್ಲಿಯೇ ಇರಲಿ. ತೆರೆಯುವುದು, ಮುಚ್ಚುವುದು, ಇಡೀ ಪರದೆಯನ್ನು ಇಣುಕುವುದು, ಬಣ್ಣ ತಿರುಗಿಸುವುದು, ಈ ನಾಲ್ಕು ಕೀಲಿಗಳನ್ನು ದಪ್ಪ ಪೆನ್ನಿನಿಂದ ಬೆರಳುದ್ದದ ಅಕ್ಷರಗಳಲ್ಲಿ ಕಾಗದದ ಮೇಲೆ ಬರೆದು ಮಾನಿಟರಿನ ಪಕ್ಕಕ್ಕೆ ಅಂಟಿಸಿ, ಅವರು ಅದನ್ನು ನೋಡಿ ತಾವೇ ಮೂರು ಸಲ ತೆರೆದು ಮುಚ್ಚುವವರೆಗೆ ಕುರ್ಚಿಯಿಂದ ಏಳಬೇಡಿ.